ಡೀಲರ್ ವರ್ಕ್‌ಶಾಪಿಗೆ ಕಾರು ಬಿಟ್ಟು ಬೇಸತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕೊಳ್ಳುವ ದಿನ ಶೋರೂಮಿನಲ್ಲಿ ಸಿಕ್ಕ ಆದರ ಅದೇ ಕಟ್ಟಡದ ಹಿಂಬದಿಯಲ್ಲಿರುವ ವರ್ಕ್‌ಶಾಪಿನಲ್ಲಿ ಏಕೆ ಸಿಗುವುದಿಲ್ಲ ಎಂಬುದು ಕಾರು ಇಟ್ಟುಕೊಂಡ ಬಹುಮಂದಿಯ ಅಳಲು. ಆ ಅಳಲಿನಿಂದ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಯತ್ನಿಸಿದ್ದೇನೆ. ಡೀಲರ್‌ಗಳೆಲ್ಲ ಮೋಸಗಾರರೆಂದು ನಂಬಿ ಇದನ್ನು ಬರೆದಿಲ್ಲ. ಮೋಸವೂ ಉಂಟು, ಅದರ ಗುರುತುಗಳನ್ನು ಮುಂದೆ ಹೇಳುತ್ತೇನೆ. ಆದರೆ ಗ್ರಾಹಕನ ಮಾತು ರಿಪೇರಿ ಮಾಡುವವನ ಕೈ ತಲುಪುವಷ್ಟರಲ್ಲಿ ಸೋರಿಹೋಗಿರುವುದೇ ಹೆಚ್ಚಿನ ಕಿರಿಕಿರಿಗೆ ಕಾರಣವೆಂದು ನನಗೆ ಅನ್ನಿಸುತ್ತದೆ.

ನಾನು ಹೇಳಿದ ದೋಷ ಹಾಗೆಯೇ ಉಳಿದು, ಹೇಳದ ಕೆಲಸ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದು ಹೇಗೆ?

ನಿಮ್ಮ ಮಾತು ಕೇಳಿಸಿಕೊಂಡವರು ಒಬ್ಬರು, ಕಾರು ಬಿಚ್ಚುವವರು ಇನ್ನೊಬ್ಬರು. ಬೆಳಿಗ್ಗೆ ನಿಮ್ಮ ಎದುರು ನಿಂತ ಸರ್ವಿಸ್ ಅಡ್ವೈಸರ್ ಅದೇ ಹೊತ್ತಿಗೆ ಇನ್ನೂ ಹಲವು ಕಾರುಗಳನ್ನು ಒಳಗೆ ತೆಗೆದುಕೊಳ್ಳಬೇಕಾಗಿರುತ್ತದೆ. ‘ಬೆಳಿಗ್ಗೆ ಚಳಿಯಲ್ಲಿ ಮೊದಲ ಸಲ ರಿವರ್ಸ್ ತೆಗೆಯುವಾಗ ಮುಂದಿನ ಎಡ ಚಕ್ರದ ಕಡೆಯಿಂದ ಟಕ್ ಎಂಬ ಸದ್ದು ಬರುತ್ತದೆ, ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ’ ಎಂದು ನೀವು ವಿವರವಾಗಿ ಹೇಳಿದ್ದು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಮುಂಭಾಗದಲ್ಲಿ ಸದ್ದು, ಪರೀಕ್ಷಿಸಿ’ ಎಂಬ ಮೂರು ಪದಗಳಾಗಿ ಇಳಿಯುತ್ತದೆ. ಆ ಕಾರ್ಡು ಫ್ಲೋರ್ ಸೂಪರ್‌ವೈಸರ್ ಕೈಗೆ ಹೋಗಿ, ಅಲ್ಲಿಂದ ಬಿಡುವಾಗಿರುವ ಮೆಕ್ಯಾನಿಕ್ ಕೈಗೆ ಬರುತ್ತದೆ. ಅಷ್ಟರಲ್ಲಿ ಕಾರು ಆವರಣದೊಳಗೆ ಎರಡು ಮೂರು ಸಲ ಓಡಾಡಿ ಬಿಸಿಯಾಗಿರುವುದರಿಂದ ಸದ್ದೂ ಇರುವುದಿಲ್ಲ. ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಸವೆದಂತೆ ಕಂಡ ಒಂದು ಬುಶ್ ಅನ್ನು (ಲೋಹದ ಭಾಗಗಳ ನಡುವಿನ ರಬ್ಬರ್ ಮೆತ್ತೆ) ಗುರುತಿಸಿ ಮೇಲಕ್ಕೆ ವರದಿ ಮಾಡುತ್ತಾನೆ; ಅಡ್ವೈಸರ್ ನಿಮಗೆ ಫೋನು ಮಾಡಿ ಅದನ್ನು ಬದಲಿಸಲು ಒಪ್ಪಿಗೆ ಕೇಳುತ್ತಾರೆ; ಅದೇ ನಿಮ್ಮ ಸದ್ದಿಗೆ ಕಾರಣವೆಂದು ಭಾವಿಸಿ ನೀವೂ ಒಪ್ಪುತ್ತೀರಿ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಆದ್ದರಿಂದ ಸಹಿ ಹಾಕುವ ಮುನ್ನ ಜಾಬ್ ಕಾರ್ಡನ್ನು ಓದಿ, ನಿಮ್ಮ ದೂರು ನಿಮ್ಮದೇ ಮಾತುಗಳಲ್ಲಿ ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ. ಕಂಪ್ಯೂಟರಿನಲ್ಲಿ ಆಯ್ಕೆಗೆ ಸಿದ್ಧ ವಾಕ್ಯಗಳಷ್ಟೇ ಇವೆ ಎಂದರೆ, ಮುದ್ರಿತ ಪ್ರತಿಯ ಮೇಲೆ ಪೆನ್ನಿನಿಂದ ಬರೆಸಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಒಪ್ಪಿಗೆ ಕೇಳಿದಾಗಲೂ ‘ನಾನು ಹೇಳಿದ ಸದ್ದಿಗೆ ಇದೇ ಕಾರಣವೇ, ಅಥವಾ ಇದು ನಿಮಗೆ ಕಂಡ ಬೇರೆ ಸಂಗತಿಯೇ?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಅಡ್ವೈಸರ್ ತಡವರಿಸಿದರೆ, ಮೆಕ್ಯಾನಿಕ್ ಬಳಿ ವಿಚಾರಿಸಿ ಮತ್ತೆ ಕರೆ ಮಾಡಲು ಹೇಳುವುದು ಲೇಸು.

ದೋಷವನ್ನು ಹೇಗೆ ವಿವರಿಸಿದರೆ ಉಪಯೋಗ?

ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ‘ಕ್ಲಚ್ ಹೋಗಿದೆ’ ಎಂದು ನೀವೇ ಹೇಳಿದರೆ ಕ್ಲಚ್ ಬದಲಾಗುತ್ತದೆ, ಆಮೇಲೂ ತೊಂದರೆ ಉಳಿದರೆ ‘ನೀವು ಹೇಳಿದ ಕೆಲಸ ಮಾಡಿದ್ದೇವೆ’ ಎಂಬ ಉತ್ತರ ಸಿದ್ಧವಿರುತ್ತದೆ. ‘ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ’ ಎಂದು ಹೇಳಿದರೆ ಕಾರಣ ಹುಡುಕುವ ಹೊಣೆ ವರ್ಕ್‌ಶಾಪಿನ ಮೇಲೆಯೇ ಉಳಿಯುತ್ತದೆ.

ಯಾವಾಗ, ಯಾವ ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ಬ್ರೇಕ್ ಒತ್ತಿದಾಗಲೋ, ತಿರುಗಿಸಿದಾಗಲೋ, ಉಬ್ಬು ಹತ್ತಿಸಿದಾಗಲೋ ಎಂಬುದು ಮುಖ್ಯ, ಏಕೆಂದರೆ ಈ ವಿವರಗಳಿಂದಲೇ ಅನುಭವಿ ಮೆಕ್ಯಾನಿಕ್ ಅರ್ಧ ದಾರಿ ಸಾಗಿಬಿಡುತ್ತಾನೆ. ಗಂಟೆಗೆ 80ರಿಂದ 110 ಕಿ.ಮೀ. ನಡುವೆ ಮಾತ್ರ ಸ್ಟಿಯರಿಂಗ್ ನಡುಗಿ, ಅದಕ್ಕಿಂತ ನಿಧಾನವಾದರೆ ನಿಲ್ಲುವುದಾದರೆ ಮೊದಲ ಅನುಮಾನ ಚಕ್ರದ ಬ್ಯಾಲೆನ್ಸಿಂಗ್ ಮೇಲೆ. ಅದೇ ನಡುಕ ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಒಂದೇ ದಪ್ಪವಾಗಿ ಉಳಿದಿಲ್ಲವೆಂಬ ಸೂಚನೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಎಂದರೆ ಆ್ಯಕ್ಸಲ್ ತುದಿಯ ಸಿವಿ ಜಾಯಿಂಟ್ ನೋಡುತ್ತಾರೆ. ವೇಗದೊಂದಿಗೆ ಏರುವ ಗುಂಯ್ ಸದ್ದು, ರಸ್ತೆಯ ತಿರುವಿನಲ್ಲಿ ಒಂದು ಕಡೆಗೆ ಜೋರಾಗಿ ಇನ್ನೊಂದು ಕಡೆಗೆ ಕಡಿಮೆಯಾದರೆ ವೀಲ್ ಬೇರಿಂಗ್. ಇವನ್ನು ನೀವು ಬಾಯಿಪಾಠ ಮಾಡಬೇಕಿಲ್ಲ. ನೀವು ಕೊಡುವ ವಿವರಕ್ಕೆ ಎಷ್ಟು ಬೆಲೆಯಿದೆ ಎಂಬುದು ತಿಳಿದಿರಲಿ ಎಂದು ಹೇಳಿದೆ.

ಸಾಧ್ಯವಿದ್ದರೆ ಕೀ ಕೊಡುವ ಮೊದಲು ಅಡ್ವೈಸರನ್ನೋ, ಇನ್ನೂ ಒಳ್ಳೆಯದೆಂದರೆ ಮೆಕ್ಯಾನಿಕನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ದೋಷವನ್ನು ಕಿವಿಗೆ ಕೇಳಿಸಿ. ಹತ್ತು ನಿಮಿಷದ ಈ ಓಟವು ಮೂರು ಭೇಟಿಗಳನ್ನು ಉಳಿಸಿದ ಉದಾಹರಣೆಗಳು ಬಹಳ. ಕೇಳಿದರೆ ಬೇಡವೆನ್ನುವ ವರ್ಕ್‌ಶಾಪು ಕಡಿಮೆ, ಆದರೆ ತಾವಾಗಿಯೇ ಕರೆಯುವ ವರ್ಕ್‌ಶಾಪು ಇನ್ನೂ ಕಡಿಮೆ.

‘ಪರೀಕ್ಷಿಸಿದೆವು, ಯಾವ ದೋಷವೂ ಕಾಣಲಿಲ್ಲ’ ಎಂದು ಕಾರು ಹಿಂದಿರುಗಿಸಿದರೆ?

ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ದೋಷಗಳಿಗೆ ಸಿಗುವ ಸಾಮಾನ್ಯ ಉತ್ತರವಿದು, ಮತ್ತು ಹಲವು ಬಾರಿ ಪ್ರಾಮಾಣಿಕ ಉತ್ತರವೂ ಹೌದು. ಸಡಿಲ ಕನೆಕ್ಟರು, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರು, ತೇವ ಹಿಡಿದ ವೈರಿಂಗು ಇವು ಮೆಕ್ಯಾನಿಕ್ ನೋಡುವ ಹೊತ್ತಿಗೆ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತವೆ. ನಿಮ್ಮ ಮಾತನ್ನು ನಂಬಲಿಲ್ಲವೆಂದು ಮುನಿಸಿಕೊಳ್ಳುವುದಕ್ಕಿಂತ, ದೋಷವನ್ನು ಹಿಡಿದು ತೋರಿಸುವ ದಾರಿ ಹುಡುಕುವುದು ಉತ್ತಮ. ಸದ್ದು ಬರುವಾಗ, ಎಚ್ಚರಿಕೆ ದೀಪ ಹೊತ್ತಿದಾಗ, ಪಕ್ಕದಲ್ಲಿ ಕುಳಿತವರಿಂದ ವಿಡಿಯೊ ಮಾಡಿಸಿ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ತೊಂದರೆಯಿದ್ದರೆ ಹಿಂದಿನ ಸಂಜೆಯೇ ಕಾರು ಬಿಟ್ಟು, ಮಾರನೆಯ ದಿನ ಎಂಜಿನ್ ಮುಟ್ಟುವ ಮೊದಲೇ ಪರೀಕ್ಷಿಸಬೇಕೆಂದು ಕಾರ್ಡಿನಲ್ಲಿ ಬರೆಸಿ. ದಿನಾಂಕ, ವೇಗ, ಹವೆ, ಎಷ್ಟು ಹೊತ್ತು ಓಡಿಸಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಗುರುತು ಮಾಡುತ್ತಾ ಬಂದರೆ, ನಾಲ್ಕೈದು ಸಲವಾಗುವಷ್ಟರಲ್ಲಿ ಒಂದು ಕ್ರಮ ಕಾಣತೊಡಗುತ್ತದೆ.

ಏನೇ ಆದರೂ ‘ದೋಷ ಕಂಡುಬಂದಿಲ್ಲ’ ಎಂಬುದನ್ನು ಓಡೋಮೀಟರ್ ಅಂಕಿಯ ಸಮೇತ ಬರೆಸಿಕೊಳ್ಳದೆ ಕಾರು ತೆಗೆದುಕೊಂಡು ಹೋಗಬೇಡಿ. ಕೆಲಸವೇ ಆಗದ ಮೇಲೆ ಕಾಗದವೇಕೆ ಎಂದು ಅಡ್ವೈಸರ್ ಕಾರ್ಡನ್ನು ರದ್ದು ಮಾಡಿಬಿಡುವುದುಂಟು. ವಾರಂಟಿ ಮುಗಿಯುವ ಮೊದಲೇ ನೀವು ಈ ದೋಷವನ್ನು ತಿಳಿಸಿದ್ದಿರಿ ಎಂಬುದಕ್ಕೆ ಮುಂದೆ ಉಳಿಯುವ ಸಾಕ್ಷಿ ಆ ಕಾರ್ಡು ಮಾತ್ರ.

ಸ್ಕ್ಯಾನರ್ ತೋರಿಸಿದ ಭಾಗವನ್ನೇ ಬದಲಿಸಿದರೂ ಎಂಜಿನ್ ದೀಪ ಮತ್ತೆ ಹೊತ್ತಿಕೊಂಡಿತು. ಸ್ಕ್ಯಾನರ್ ಸುಳ್ಳು ಹೇಳುತ್ತದೆಯೇ?

ಕಾರಿನ ಕಂಪ್ಯೂಟರಿನ ದಾಖಲೆ ಓದುವ ಸ್ಕ್ಯಾನರ್ ಯಾವ ಭಾಗ ಕೆಟ್ಟಿದೆಯೆಂದು ಹೇಳುವುದೇ ಇಲ್ಲ. ಯಾವ ಅಳತೆ ಮಿತಿ ಮೀರಿದೆಯೆಂದು ಹೇಳುತ್ತದೆ. ಅದನ್ನು ಜೋಡಿಸುವ, ಸ್ಟಿಯರಿಂಗ್ ಕೆಳಗಿರುವ 16 ಪಿನ್‌ಗಳ ಸಾಕೆಟ್ಟು ಮತ್ತು ಐದು ಅಕ್ಷರಾಂಕಿಗಳ ದೋಷಸಂಕೇತಗಳು ಅಮೆರಿಕದಲ್ಲಿ 1996ರ ಮಾದರಿಗಳಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾಗಿ, ಕ್ರಮೇಣ ಉಳಿದೆಡೆಯೂ ಹರಡಿದವು. ಪಿ0420 ಎಂಬ ಸಂಕೇತವನ್ನೇ ನೋಡಿ: ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ನಿಗದಿತ ಮಟ್ಟಕ್ಕಿಂತ ಕಡಿಮೆಯಿದೆ ಎಂಬುದಷ್ಟೇ ಅದರ ಅರ್ಥ. ಕನ್ವರ್ಟರ್ ಹಾಳಾಗಿರಬಹುದು, ಅದನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಸೋತಿರಬಹುದು, ಸೈಲೆನ್ಸರ್ ಕೊಳವೆಯಲ್ಲಿ ಸಣ್ಣ ಸೋರಿಕೆ ಇರಬಹುದು. ಪಿ0301 ಎಂದರೆ ಮೊದಲನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ; ತಪ್ಪು ಸ್ಪಾರ್ಕ್ ಪ್ಲಗ್ಗಿನದೋ, ಕಾಯಿಲ್‌ನದೋ, ಇಂಜೆಕ್ಟರಿನದೋ, ಕಂಪ್ರೆಶನ್‌ನದೋ ಎಂಬುದನ್ನು ಮನುಷ್ಯನೇ ಪತ್ತೆ ಮಾಡಬೇಕು. ಮೊದಲ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ದೋಷ ಪಿ0302 ಆಗಿ ಅದರ ಜೊತೆಗೇ ಹೋಗುತ್ತದೆಯೇ ಎಂದು ನೋಡುವಂಥ ಸರಳ ಪರೀಕ್ಷೆಗೆ ಭಾಗ ಕೊಳ್ಳುವ ಖರ್ಚೇ ಇಲ್ಲ. ಅದನ್ನು ಮಾಡದೆ, ಸಂಕೇತದ ಹೆಸರಿನಲ್ಲಿ ಯಾವ ಭಾಗ ಕಂಡಿತೋ ಅದನ್ನು ಬದಲಿಸುತ್ತಾ ಹೋಗುವುದು ಗ್ರಾಹಕನ ಹಣದಲ್ಲಿ ಮಾಡುವ ಊಹೆ.

ಕೇಳಬೇಕಾದ್ದು ಇಷ್ಟು: ಯಾವ ಸಂಕೇತ ಬಂತು, ಆ ಭಾಗವೇ ಕಾರಣವೆಂದು ಖಚಿತಪಡಿಸಲು ಯಾವ ಪರೀಕ್ಷೆ ಮಾಡಿದಿರಿ, ಬದಲಿಸಿದರೂ ದೋಷ ಉಳಿದರೆ ಆ ಭಾಗದ ಹಣ ಯಾರ ಲೆಕ್ಕಕ್ಕೆ? ಕೊನೆಯದನ್ನು ಕೆಲಸಕ್ಕೆ ಮೊದಲೇ ಕೇಳಬೇಕು. ದೀಪ ಹೊತ್ತಿದ ಗಳಿಗೆಯ ವೇಗ, ಎಂಜಿನ್ ಸುತ್ತು, ಕೂಲಂಟ್ ಉಷ್ಣತೆ ಮೊದಲಾದವನ್ನು ಕಾರಿನ ಕಂಪ್ಯೂಟರು ಜೊತೆಗೇ ದಾಖಲಿಸಿರುತ್ತದೆ. ಸಂಕೇತ ಅಳಿಸಿದರೆ ಆ ದಾಖಲೆಯೂ ಅಳಿಯುವುದರಿಂದ, ಅಳಿಸುವ ಮುನ್ನ ಅದರ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ದಾರಿಯಲ್ಲಿ ಸಿಕ್ಕವರ ಕೈಲಿ ‘ದೀಪ ಆರಿಸಿಕೊಂಡು’ ಬಂದ ಮೇಲೆ ವರ್ಕ್‌ಶಾಪನ್ನು ದೂರುವುದರಲ್ಲಿ ಅರ್ಥವಿಲ್ಲ.

ಒಂದು ಗಂಟೆಯಲ್ಲಿ ಮುಗಿದ ಕೆಲಸಕ್ಕೆ ಮೂರು ಗಂಟೆಯ ಲೇಬರ್ ಚಾರ್ಜ್ ಹಾಕಿದ್ದಾರೆ. ಇದು ನ್ಯಾಯವೇ?

ಪ್ರತಿ ಕೆಲಸಕ್ಕೂ ಇಷ್ಟು ಗಂಟೆಯೆಂದು ಕಂಪನಿ ನಿಗದಿಮಾಡಿದ ಪಟ್ಟಿಯೊಂದು ಇರುತ್ತದೆ. ಬಹುತೇಕ ಡೀಲರ್‌ಗಳು ಗಡಿಯಾರ ನೋಡಿ ಬಿಲ್ ಮಾಡುವುದಿಲ್ಲ, ಆ ಪಟ್ಟಿ ನೋಡಿ ಮಾಡುತ್ತಾರೆ. ಮೆಕ್ಯಾನಿಕ್ ಬೇಗ ಮುಗಿಸಿದರೂ ನಿಧಾನಿಸಿದರೂ ಗ್ರಾಹಕನಿಗೆ ದರ ಒಂದೇ. ಬಿಲ್ಲನ್ನು ಮೊದಲೇ ಊಹಿಸಲು ಸಾಧ್ಯವಾಗುವುದು ಇದರ ಅನುಕೂಲ. ಕೆಟ್ಟ ಮಗ್ಗುಲು ಇನ್ನೊಂದಿದೆ: ಕೆಲವೆಡೆ ಮೆಕ್ಯಾನಿಕ್‌ಗೆ ಸಿಗುವ ಹಣವೂ ಅದೇ ಪಟ್ಟಿಯಂತೆ ನಿರ್ಧಾರವಾಗುವುದರಿಂದ, ಬ್ರೇಕ್ ಪ್ಯಾಡ್ ಬದಲಿಸುವಂಥ ನಿಶ್ಚಿತ ಕೆಲಸದಲ್ಲಿ ಅವನಿಗೆ ಲಾಭ, ಎಲ್ಲಿಂದಲೋ ಬರುವ ಸದ್ದನ್ನು ಹುಡುಕುತ್ತಾ ಕೂರುವುದರಲ್ಲಿ ನಷ್ಟ. ನಿಮ್ಮ ಸದ್ದಿನ ದೂರಿಗೆ ಯಾಕೆ ಯಾರೂ ಸಮಯ ಕೊಡಲಿಲ್ಲ ಎಂಬುದಕ್ಕೆ ಹಲವು ಸಲ ಇದೇ ಉತ್ತರ. ಕಠಿಣ ದೋಷವಿದ್ದರೆ, ಪತ್ತೆಹಚ್ಚುವ ಕೆಲಸಕ್ಕೆ ಪ್ರತ್ಯೇಕ ಹಣ ಕೊಡಲು ಸಿದ್ಧನಿದ್ದೇನೆಂದು ನೀವೇ ಹೇಳಿ, ಎಷ್ಟು ಗಂಟೆಯವರೆಗೆ ಎಂಬ ಮಿತಿಯನ್ನೂ ಹಾಕಿ. ಹಣ ಉಳಿಸುವವರಿಗೆ ಇದು ರುಚಿಸದು, ಆದರೆ ಊಹೆಯ ಮೇಲೆ ಬದಲಾಗುವ ಭಾಗಗಳಿಗಿಂತ ಇದು ಅಗ್ಗ.

ಜೊತೆಗಿರುವ ಎರಡು ಕೆಲಸಗಳಿಗೆ ಪೂರ್ತಿ ಎರಡು ಸಲ ಲೇಬರ್ ಹಾಕಿದ್ದರೆ ಮಾತ್ರ ಅವಶ್ಯ ಪ್ರಶ್ನಿಸಿ. ಟೈಮಿಂಗ್ ಬೆಲ್ಟ್ ಬದಲಿಸಲು ಬಿಚ್ಚಿದ ಜಾಗದಲ್ಲೇ ವಾಟರ್ ಪಂಪೂ ಇರುವ ಎಂಜಿನುಗಳಲ್ಲಿ, ಬಿಚ್ಚುವ ಶ್ರಮ ಒಂದೇ ಸಲದ್ದು.

ಸಂಜೆ ಕೊಡುತ್ತೇವೆಂದ ಕಾರು ಮೂರು ದಿನವಾದರೂ ಸಿಗುವುದಿಲ್ಲ. ಫೋನು ಮಾಡಿದರೆ ಎತ್ತುವುದೂ ಇಲ್ಲ. ಏನು ಮಾಡಬೇಕು?

ತಡಕ್ಕಿಂತ ಮೌನ ಹೆಚ್ಚು ನೋಯಿಸುತ್ತದೆ ಎಂಬುದನ್ನು ವರ್ಕ್‌ಶಾಪಿನವರು ಯಾವಾಗ ಅರಿಯುತ್ತಾರೋ ತಿಳಿಯದು. ಕಾರು ಬಿಡುವಾಗಲೇ ‘ಯಾವಾಗ ಸಿಗುತ್ತದೆ?’ ಎಂಬುದರ ಜೊತೆಗೆ ‘ಯಾವಾಗ ಲಿಫ್ಟ್ ಏರುತ್ತದೆ?’ ಎಂದೂ ಕೇಳಿ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟ ಕಾರನ್ನು ಮಧ್ಯಾಹ್ನದವರೆಗೆ ಯಾರೂ ಮುಟ್ಟಿರುವುದಿಲ್ಲ. ಸುಮ್ಮನೆ ‘ಆಯಿತೇ?’ ಎಂದು ಕೇಳಿದರೆ ‘ಆಗುತ್ತಿದೆ’ ಎನ್ನುತ್ತಾರೆ. ‘ಈಗ ಕಾರು ಎಲ್ಲಿದೆ, ಯಾವ ಕೆಲಸ ಬಾಕಿಯಿದೆ, ಯಾವ ಭಾಗಕ್ಕೆ ಕಾಯುತ್ತಿದ್ದೀರಿ?’ ಎಂದು ಕೇಳಿದರೆ ಎದ್ದು ಹೋಗಿ ನೋಡಿಯೇ ಉತ್ತರಿಸಬೇಕಾಗುತ್ತದೆ.

ಭಾಗ ಬಂದಿಲ್ಲವೆಂದರೆ ಅದರ ಪಾರ್ಟ್ ನಂಬರ್, ಆರ್ಡರ್ ಹಾಕಿದ ದಿನಾಂಕ, ಆರ್ಡರ್ ಸಂಖ್ಯೆ ಕೇಳಿ. ಆರ್ಡರೇ ಹಾಕಿಲ್ಲದ ಸಂಗತಿ ಈ ಪ್ರಶ್ನೆಯಿಂದ ಹೊರಬಿದ್ದ ಪ್ರಸಂಗಗಳು ಅಪರೂಪವಲ್ಲ. ಕಾರು ಸುರಕ್ಷಿತವಾಗಿ ಓಡಿಸುವಂತಿದ್ದರೆ ಭಾಗ ಬರುವವರೆಗೆ ಮನೆಗೆ ತಂದಿಟ್ಟುಕೊಳ್ಳಿ. ವಾರಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಆಮೇಲೆ ಹೊಸ ಬ್ಯಾಟರಿಯ ಎಸ್ಟಿಮೇಟೂ ಬರುತ್ತದೆ. ಪೂರ್ತಿ ಚಾರ್ಜ್ ಆದ ಸಾಮಾನ್ಯ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಇಳಿದ ಬ್ಯಾಟರಿಯೆಲ್ಲ ಕೆಟ್ಟ ಬ್ಯಾಟರಿಯಲ್ಲ, ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ ಎನ್ನಿ.

ಎಸ್ಟಿಮೇಟಿಗಿಂತ ಬಿಲ್ಲು ಹೆಚ್ಚು ಬಂದರೆ ಪೂರ್ತಿ ಕೊಡಲೇಬೇಕೇ?

ಎಸ್ಟಿಮೇಟ್ ಎಂಬುದು ಅಂದಾಜು. ಬಿಚ್ಚಿದ ಮೇಲೆ ಹೊಸ ಸಂಗತಿ ಕಂಡರೆ ಅದು ಏರುವುದು ಸಹಜ. ನಿಮ್ಮನ್ನು ಕೇಳದೆ ಏರುವುದು ಸಹಜವಲ್ಲ. ‘ಎಸ್ಟಿಮೇಟಿನ ಹೊರಗಿನ ಯಾವ ಕೆಲಸವನ್ನೂ ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಮಾಡಬಾರದು’ ಎಂಬ ಒಂದು ಸಾಲನ್ನು ಜಾಬ್ ಕಾರ್ಡಿನಲ್ಲಿ ಬರೆಸಿದರೆ, ಕ್ಯಾಶ್ ಕೌಂಟರಿನ ಎದುರಿನ ಜಗಳದ ಬಹುಪಾಲು ತಪ್ಪುತ್ತದೆ. ಒಪ್ಪಿಗೆಯನ್ನು ಫೋನಿನಲ್ಲಿ ಕೊಟ್ಟರೂ ಕೂಡಲೇ ಸಂದೇಶದ ಮೂಲಕ ಮೊತ್ತ ಸಹಿತ ಖಚಿತಪಡಿಸಿ. ಒಪ್ಪಿಗೆಯಿಲ್ಲದ ಕೆಲಸದ ಹಣ ಕೊಡದಿದ್ದರೆ ಕಾರು ಬಿಡುವುದಿಲ್ಲವೆಂದು ಪಟ್ಟು ಹಿಡಿದಾಗ, ಹಣ ಕೊಟ್ಟು, ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಬಿಲ್ಲಿನ ಎರಡೂ ಪ್ರತಿಗಳಲ್ಲಿ ಬರೆದು, ಗೇಟ್ ಪಾಸ್ ಪಡೆದು ಹೊರಬರುವುದು ಪ್ರಾಯೋಗಿಕ ದಾರಿ. ರಿಪೇರಿ ಮಾಡಿದವರು ಬಾಕಿ ತೀರುವವರೆಗೆ ವಾಹನವನ್ನು ತಮ್ಮ ಬಳಿ ಉಳಿಸಿಕೊಳ್ಳುವ ಹಕ್ಕನ್ನು ಹಲವು ದೇಶಗಳ ಕಾನೂನು ಒಪ್ಪುತ್ತದೆ. ಆದ್ದರಿಂದ ಗೇಟಿನಲ್ಲಿ ನಿಂತು ಕೂಗಾಡಿ ಗೆಲ್ಲುವುದು ಕಷ್ಟ.

ಪ್ರತಿ ಸರ್ವಿಸಿನಲ್ಲೂ ಏನೇನೋ ಫ್ಲಶ್, ಕ್ಲೀನಿಂಗ್, ಕೋಟಿಂಗ್ ಸೇರಿಸುತ್ತಾರೆ. ಯಾವುದು ಬೇಕು, ಯಾವುದು ಬೇಡ?

ಇದಕ್ಕೆ ನ್ಯಾಯಾಧೀಶರು ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್. ಅದರ ಸರ್ವಿಸ್ ಪಟ್ಟಿಯಲ್ಲಿ ಇರುವುದನ್ನು ಮಾಡಿಸಿ. ಇಲ್ಲದ್ದನ್ನು ಮಾಡಿಸಬೇಕೆಂದರೆ, ಯಾವ ದೋಷಕ್ಕಾಗಿ ಎಂದು ಕೇಳಿ. ‘ಎಲ್ಲರೂ ಮಾಡಿಸುತ್ತಾರೆ ಸರ್’ ಎಂಬುದು ಉತ್ತರವಲ್ಲ.

ಹಾಗೆಂದು ಎಲ್ಲವನ್ನೂ ಬೇಡವೆನ್ನುವುದೂ ಜಾಣತನವಲ್ಲ. ಬ್ರೇಕ್ ಆಯಿಲ್ ಬದಲಿಸಿ ಎಂದಾಗ ಸುಲಿಗೆಯೆಂದು ಸಿಡುಕುವವರಿದ್ದಾರೆ. ಆದರೆ ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ಗುಣಮಟ್ಟದ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಬಿಸಿಯೇರಿ ದ್ರವ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕಿಲೋಮೀಟರ್ ಕಡಿಮೆ ಓಡಿದ ಕಾರಿಗೂ ವರ್ಷಗಳ ಲೆಕ್ಕದಲ್ಲಿ ಇದನ್ನು ಬದಲಿಸಬೇಕೆಂದು ಹೇಳುವುದು ಅದಕ್ಕೇ. ಕೂಲಂಟ್, ಟೈಮಿಂಗ್ ಬೆಲ್ಟ್, ಏರ್ ಫಿಲ್ಟರ್ ಇವೂ ಪಟ್ಟಿಯಲ್ಲಿ ಇರುವಂಥವೇ. ಟೈಮಿಂಗ್ ಬೆಲ್ಟನ್ನು ಮುಂದೂಡಿ, ಅದು ತುಂಡಾಗಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಿಸಬೇಕಾದಾಗ ಅಡ್ವೈಸರನ್ನು ಬೈದು ಪ್ರಯೋಜನವಿಲ್ಲ.

ಅನುಮಾನಿಸಬೇಕಾದವು ಬೇರೆ. ಯಾವ ತೊಂದರೆಯೂ ಇಲ್ಲದ ಎಂಜಿನಿಗೆ ಫ್ಲಶ್, ಸರಿಯಾಗಿ ಓಡುತ್ತಿರುವ ಕಾರಿಗೆ ಇಂಜೆಕ್ಟರ್ ಕ್ಲೀನಿಂಗ್, ಪ್ರತಿ ಭೇಟಿಯಲ್ಲೂ ಎಸಿ ಶುದ್ಧೀಕರಣ, ಒಂದರ ಮೇಲೊಂದು ಪಾಲಿಶ್ ಇವುಗಳಲ್ಲಿ ಹೆಚ್ಚಿನವು ಅಡ್ವೈಸರನ ತಿಂಗಳ ಗುರಿ ತಲುಪಿಸಲು ಇರುವಂಥವು. ಟೈರಿಗೆ ನೈಟ್ರೋಜನ್ ತುಂಬಿಸುವ ವಿಚಾರಕ್ಕೆ ಬಂದರೆ, ಬರಿಯ ಗಾಳಿಯಲ್ಲೇ ನೂರಕ್ಕೆ ಸುಮಾರು 78 ಪಾಲು ನೈಟ್ರೋಜನ್ ಇದೆ ಎಂಬುದನ್ನು ನೆನಪಿಸಿದರೆ ಸಾಕು. ಸವೆತದ ಮಾತು ಬಂದಾಗ ಅಂಕಿ ಕೇಳಿ: ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ, ಟೈರಿನ ಮೇಲ್ಮೈಯ ತೋಡು ಎಷ್ಟು ಆಳವಿದೆ? ಟೈರಿನ ತೋಡಿಗೆ 1.6 ಮಿ.ಮೀ. ಎಂಬುದು ಬಹಳ ದೇಶಗಳು ಒಪ್ಪಿದ ಕನಿಷ್ಠ ಮಿತಿ. ಅಳೆಯದೆ ‘ಹೋಗಿದೆ’ ಎನ್ನುವವರ ಮಾತಿಗೆ ಹಣ ಕೊಡಬೇಡಿ.

ಬದಲಿಸಿದ ಹಳೆಯ ಭಾಗವನ್ನು ಕೇಳಬಹುದೇ?

ಕೇಳಬೇಕು, ಅದೂ ಕೆಲಸ ಆರಂಭವಾಗುವ ಮೊದಲೇ; ಸಂಜೆ ಕೇಳಿದರೆ ಅದು ಗುಜರಿಯ ರಾಶಿಗೆ ಸೇರಿಯಾಗಿರುತ್ತದೆ. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿದ ಭಾಗ ಸಾಮಾನ್ಯವಾಗಿ ಕಂಪನಿಗೆ ಹಿಂದಿರುಗಬೇಕು, ಹಳೆಯದನ್ನು ಕೊಟ್ಟು ರಿಯಾಯಿತಿಗೆ ಪಡೆದ ಸ್ಟಾರ್ಟರ್ ಮೋಟರ್ ಅಥವಾ ಆಲ್ಟರ್ನೇಟರ್ ಕೂಡ ಹಾಗೆಯೇ. ಅಂಥವನ್ನು ಕೊಡದಿದ್ದರೂ ತೋರಿಸಲು ಅಡ್ಡಿಯಿಲ್ಲ.

ವಾರಂಟಿ ಇದ್ದರೂ ‘ಇದಕ್ಕೆ ಅನ್ವಯಿಸುವುದಿಲ್ಲ’ ಎನ್ನುತ್ತಾರೆ. ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ?

ಮೊದಲು, ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದೀರಿ ಎಂಬುದನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಗಳಲ್ಲಿ ಕೆಲವು ಬರೆಯಬೇಕಾದಾಗ ಕರಗಿಹೋಗುತ್ತವೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ರಬ್ಬರುಗಳಂಥ ಸವೆಯುವ ಭಾಗಗಳಿಗೆ ವಾರಂಟಿ ಸೀಮಿತವಾಗಿರುವುದು ಸಾಮಾನ್ಯ. ಆದರೆ ಅಂಥ ಭಾಗವೂ ಅಸಹಜವಾಗಿ ಬೇಗ ಕೆಟ್ಟಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ.

ಮೂರು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಿ. ರೀಕಾಲ್ ಎಂದರೆ ಸುರಕ್ಷತೆಗೆ ಸಂಬಂಧಿಸಿದ ದೋಷಕ್ಕಾಗಿ ತಯಾರಕರೇ ಕಾರುಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುವುದು. ವಾರಂಟಿ ಮುಗಿದಿದ್ದರೂ, ನೀವು ಕಾರನ್ನು ಎರಡನೆಯ ಕೈಯಲ್ಲಿ ಕೊಂಡಿದ್ದರೂ ಸಾಮಾನ್ಯವಾಗಿ ಅದು ಅನ್ವಯಿಸುತ್ತದೆ. ನಿಮ್ಮ ಕಾರಿನ 17 ಅಕ್ಷರಾಂಕಿಗಳ ಚಾಸಿಸ್ ಸಂಖ್ಯೆಯಿಂದ ಇದನ್ನು ಪರಿಶೀಲಿಸಬಹುದು. ಆ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಹಾಗೆ ಕಂಡದ್ದನ್ನು ಒಂದು, ಸೊನ್ನೆ ಎಂದೇ ಓದಿ. ಸರ್ವಿಸ್ ಬುಲೆಟಿನ್ ಎಂದರೆ ಒಂದು ಮಾದರಿಯಲ್ಲಿ ಹಲವರಿಗೆ ಬಂದ ದೋಷಕ್ಕೆ ತಯಾರಕರು ವರ್ಕ್‌ಶಾಪುಗಳಿಗೆ ಕಳುಹಿಸುವ ಸೂಚನೆ. ಅದು ಉಚಿತ ರಿಪೇರಿಯ ಭರವಸೆಯಲ್ಲ, ಆದರೆ ‘ಈ ದೋಷಕ್ಕೆ ಬುಲೆಟಿನ್ ಇದೆಯೇ?’ ಎಂಬ ಪ್ರಶ್ನೆಯಿಂದ ಪತ್ತೆಯ ಕೆಲಸ ಬಹಳ ಹಗುರಾಗುತ್ತದೆ. ಗುಡ್‌ವಿಲ್ ಎಂದರೆ ವಾರಂಟಿ ಮುಗಿದು ಸ್ವಲ್ಪವೇ ಕಾಲವಾಗಿದ್ದಾಗ ಕಂಪನಿ ತಾನಾಗಿ ವೆಚ್ಚದ ಒಂದು ಪಾಲನ್ನು ಹೊರುವುದು. ಇದು ಹಕ್ಕಲ್ಲ. ಸರ್ವಿಸ್ ದಾಖಲೆಗಳು ಪೂರ್ತಿಯಿದ್ದವರಿಗೆ, ಸೌಜನ್ಯದಿಂದ ಕೇಳಿದವರಿಗೆ ಸಿಗುವುದು ಹೆಚ್ಚು.

ಹೊರಗಿನ ಸರ್ವಿಸಿನ ವಿಷಯದಲ್ಲಿ ಆಯಾ ದೇಶದ ಕಾನೂನನ್ನು ನೋಡಬೇಕು. ಅಮೆರಿಕದಲ್ಲಿ 1975ರ ವಾರಂಟಿ ಕಾನೂನು, ತಮ್ಮದೇ ಬ್ರ್ಯಾಂಡಿನ ಭಾಗ ಅಥವಾ ಸೇವೆ ಬಳಸಲೇಬೇಕೆಂದು, ಅದನ್ನು ಉಚಿತವಾಗಿ ಕೊಡದ ಹೊರತು, ವಾರಂಟಿಗೆ ಷರತ್ತು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಎಲ್ಲಿಯೇ ಆದರೂ ಬಿಲ್ಲು, ಆಯಿಲಿನ ದರ್ಜೆ, ದಿನಾಂಕ, ಓಡೋಮೀಟರ್ ಅಂಕಿ ಇವುಗಳ ದಾಖಲೆಯಿಲ್ಲದ ಸರ್ವಿಸು ವಾದಕ್ಕೆ ನಿಲ್ಲುವುದಿಲ್ಲ.

ಅದೇ ದೋಷಕ್ಕೆ ಮೂರನೆಯ ಸಲ ಹೋಗುತ್ತಿದ್ದೇನೆ. ಪ್ರತಿ ಸಲವೂ ಹೊಸದಾಗಿ ಕಥೆ ಹೇಳಬೇಕಾಗಿದೆ.

ಹೊಸ ದೂರಿನಂತೆ ಹೊಸ ಜಾಬ್ ಕಾರ್ಡು ತೆರೆಯಲು ಬಿಡಬೇಡಿ. ಹಿಂದಿನ ಕಾರ್ಡುಗಳ ಸಂಖ್ಯೆಗಳನ್ನು ಉಲ್ಲೇಖಿಸಿ ‘ಪುನರಾವರ್ತಿತ ದೂರು’ ಎಂದು ಬರೆಸಿ. ಈ ಎರಡು ಪದಗಳಿಗೆ ವರ್ಕ್‌ಶಾಪಿನೊಳಗೆ ತೂಕವಿದೆ: ಮರಳಿ ಬಂದ ಕೆಲಸಕ್ಕೆ ಮತ್ತೆ ಲೇಬರ್ ಹಾಕುವುದು ಅವರಿಗೂ ಮುಜುಗರ, ಮತ್ತು ಅಂಥ ಕೆಲಸಗಳ ಎಣಿಕೆ ಮೇಲಿನವರ ಕಣ್ಣಿಗೆ ಬೀಳುತ್ತದೆ. ಅಡ್ವೈಸರ್ ಬಿಟ್ಟು ವರ್ಕ್ಸ್ ಮ್ಯಾನೇಜರನ್ನು ಕಂಡು, ಅವರಲ್ಲಿರುವ ಅತ್ಯಂತ ಅನುಭವಿ ಮೆಕ್ಯಾನಿಕ್‌ಗೆ ಕಾರನ್ನು ಒಪ್ಪಿಸಲು ಕೇಳಿ. ಅಡ್ವೈಸರ್ ಒಂದು ಹೇಳಿ ಮೆಕ್ಯಾನಿಕ್ ಇನ್ನೊಂದು ಹೇಳುತ್ತಾ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ನಡೆಯುತ್ತಿದ್ದರೆ, ಮೂವರನ್ನೂ ಕಾರಿನ ಬಳಿ ಒಟ್ಟಿಗೆ ನಿಲ್ಲಿಸಿ ಮಾತನಾಡಿ. ಅಲ್ಲಿಯೂ ಬಗೆಹರಿಯದಿದ್ದರೆ ತಯಾರಕ ಕಂಪನಿಯ ತಾಂತ್ರಿಕ ತಂಡದವರಿಂದ ಪರೀಕ್ಷೆ ಮಾಡಿಸಬೇಕೆಂದು ಲಿಖಿತವಾಗಿ ಕೋರಿ.

ಕಾರು ತೆಗೆದುಕೊಳ್ಳುವಾಗ ಏನೇನು ನೋಡಬೇಕು?

ಬಿಡುವಾಗ ನೋಡಿದ್ದನ್ನೇ. ನಾಲ್ಕೂ ಬದಿ, ಚಕ್ರಗಳ ರಿಮ್ಮು, ಓಡೋಮೀಟರ್, ಇಂಧನದ ಮುಳ್ಳು ಇವುಗಳ ಫೋಟೊ ಬಿಡುವಾಗಲೇ ಇದ್ದರೆ ಗೀರಿನ ಜಗಳ ಒಂದು ನಿಮಿಷದಲ್ಲಿ ತೀರುತ್ತದೆ. ಹೊಳೆಯುವಂತೆ ತೊಳೆದು ಕೊಟ್ಟರೆಂದು ಮರುಳಾಗದೆ, ಗೇಟು ದಾಟುವ ಮೊದಲೇ ದೋಷವಿದ್ದ ಸ್ಥಿತಿಯಲ್ಲಿ ಓಡಿಸಿ ನೋಡಿ. ಚಕ್ರ ಬಿಚ್ಚಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿ ಪರೀಕ್ಷಿಸುವುದು ಒಳ್ಳೆಯದು.

ಮಾರನೆಯ ದಿನ ‘ಹತ್ತಕ್ಕೆ ಹತ್ತು ಅಂಕ ಕೊಡಿ’ ಎಂದು ಅಂಗಲಾಚುತ್ತಾರೆ. ಕೊಡಬೇಕೇ?

ಹಲವು ಕಂಪನಿಗಳು ಬಳಸುವ ಅಳತೆಗೋಲಿನಲ್ಲಿ ಒಂಬತ್ತು, ಹತ್ತು ಅಂಕಗಳಷ್ಟೇ ಮೆಚ್ಚುಗೆ. ಏಳು, ಎಂಟಕ್ಕೆ ಬೆಲೆಯಿಲ್ಲ. ಆರು ಮತ್ತು ಅದಕ್ಕಿಂತ ಕೆಳಗಿನದು ಅತೃಪ್ತಿ. 2003ರಲ್ಲಿ ಪ್ರಚಾರಕ್ಕೆ ಬಂದ ಈ ಲೆಕ್ಕದಲ್ಲಿ ‘ಪರವಾಗಿಲ್ಲ, ಎಂಟು’ ಎನ್ನುವ ಸಂಕೋಚದ ಗ್ರಾಹಕನೂ ಅಡ್ವೈಸರನ ಪಾಲಿಗೆ ಸೋಲೇ. ಅವರ ಸಂಬಳದ ಒಂದು ಪಾಲು ಈ ಅಂಕಕ್ಕೆ ಗಂಟುಬಿದ್ದಿರುವುದರಿಂದ, ದುರಸ್ತಿಗಿಂತ ಅಂಕ ದೊಡ್ಡದಾಗಿಬಿಟ್ಟಿದೆ. ಸುಳ್ಳು ಅಂಕ ಕೊಡಬೇಡಿ. ಆದರೆ ದೋಷ ಉಳಿದಿದ್ದರೆ ಕೂಡಲೇ ಸೊನ್ನೆ ಕೊಡುವ ಬದಲು, ಅಂಕ ಕೇಳುವ ಕರೆ ಬಂದ ಗಳಿಗೆಯಲ್ಲೇ ‘ಕೆಲಸ ಮುಗಿದ ಮೇಲೆ ಕೊಡುತ್ತೇನೆ’ ಎಂದು ಹೇಳಿ ನೋಡಿ. ಎರಡು ವಾರ ಫೋನು ಎತ್ತದವರು ಅಂದೇ ಸಂಜೆ ತಾವಾಗಿ ಕರೆ ಮಾಡುವುದನ್ನು ಕಾಣುತ್ತೀರಿ.

ದೂರು ಯಾರಿಗೆ, ಹೇಗೆ ಕೊಡಬೇಕು?

ಡೀಲರ್ ಸಾಮಾನ್ಯವಾಗಿ ತಯಾರಕ ಕಂಪನಿಯ ಶಾಖೆಯಲ್ಲ. ಒಪ್ಪಂದದ ಮೇಲೆ ನಡೆಯುವ ಸ್ವತಂತ್ರ ವ್ಯಾಪಾರ. ಹೀಗಾಗಿ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿದರೆ ಅವರು ದೂರನ್ನು ಅದೇ ಡೀಲರ್‌ಗೆ ರವಾನಿಸುತ್ತಾರೆ, ಡೀಲರ್ ‘ಗ್ರಾಹಕರೊಂದಿಗೆ ಮಾತನಾಡಿದ್ದೇವೆ’ ಎಂದು ಬರೆದು ದೂರನ್ನು ಮುಚ್ಚಿಬಿಡುತ್ತಾರೆ. ಈ ಸುತ್ತಾಟ ತಪ್ಪಿಸಲು ಮೊದಲು ವರ್ಕ್ಸ್ ಮ್ಯಾನೇಜರ್, ನಂತರ ಡೀಲರ್ ಸಂಸ್ಥೆಯ ಮುಖ್ಯಸ್ಥರು, ಆಮೇಲೆ ಕಂಪನಿ ಎಂಬ ಮೆಟ್ಟಿಲುಗಳನ್ನು ಇಮೇಲ್ ಮೂಲಕ ಏರಿ, ಪ್ರತಿ ಮೆಟ್ಟಿಲಿನಲ್ಲೂ ಹಿಂದಿನ ಪತ್ರವನ್ನು ಜೊತೆಗಿಡಿ. ದೂರು ಸಂಖ್ಯೆ ಪಡೆದು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮುಚ್ಚಬಾರದೆಂದು ಬರೆಯಿರಿ.

ಪತ್ರ ಒಂದು ಪುಟ ಮೀರದಿರಲಿ. ಕಾರಿನ ಚಾಸಿಸ್ ಸಂಖ್ಯೆ, ಭೇಟಿಗಳ ದಿನಾಂಕ ಮತ್ತು ಜಾಬ್ ಕಾರ್ಡ್ ಸಂಖ್ಯೆ, ಪ್ರತಿ ಸಲ ಏನು ಮಾಡಿದರು, ಇಂದು ಏನು ಉಳಿದಿದೆ, ನೀವು ಕೇಳುತ್ತಿರುವುದೇನು, ಯಾವ ದಿನದೊಳಗೆ ಎಂಬಷ್ಟು ಇದ್ದರೆ ಸಾಕು. ಅಡ್ವೈಸರ್ ಒರಟಾಗಿ ಮಾತನಾಡಿದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಅವಮಾನವೇ ಪತ್ರದ ತುಂಬ ತುಂಬಿದರೆ ಕ್ಷಮಾಪಣೆಯೊಂದು ಬರುತ್ತದೆ, ಕಾರು ಹಾಗೆಯೇ ಇರುತ್ತದೆ. ಗ್ರಾಹಕ ನ್ಯಾಯಾಲಯದ ಬಾಗಿಲು ಕೊನೆಯದು. ಅಲ್ಲಿಗೆ ಹೋಗುವವರಿಗೆ ಸ್ವತಂತ್ರ ತಜ್ಞರ ಪರೀಕ್ಷಾ ವರದಿಯೊಂದು ಕೈಯಲ್ಲಿರುವುದು ಬಹಳ ಉಪಯುಕ್ತ.

ಡೀಲರ್ ಬಿಟ್ಟು ಹೊರಗಿನ ಗ್ಯಾರೇಜಿಗೆ ಹೋಗಿಬಿಡಲೇ?

ವಾರಂಟಿ ಮುಗಿದ ಕಾರಿನ ಆಯಿಲ್, ಬ್ರೇಕ್, ಸಸ್ಪೆನ್ಷನ್, ಬ್ಯಾಟರಿ, ಟೈರ್ ಕೆಲಸಗಳಿಗೆ ನಂಬಿಕಸ್ಥ ಮೆಕ್ಯಾನಿಕ್ ಸಿಕ್ಕಿದ್ದರೆ ಧಾರಾಳವಾಗಿ ಹೋಗಿ. ಅಲ್ಲಿ ನಿಮ್ಮ ಮಾತು ಕೇಳುವವನೂ ಕಾರು ಬಿಚ್ಚುವವನೂ ಒಬ್ಬನೇ ಆಗಿರುವುದು ದೊಡ್ಡ ಅನುಕೂಲ. ರೀಕಾಲ್ ಮತ್ತು ವಾರಂಟಿ ಕೆಲಸಗಳಿಗೆ ಡೀಲರ್ ಬಿಟ್ಟು ದಾರಿಯಿಲ್ಲ. ಹೊಸ ಕೀಯನ್ನು ಕಾರಿಗೆ ಹೊಂದಿಸುವುದು, ಕಂಪ್ಯೂಟರಿನ ಸಾಫ್ಟ್‌ವೇರ್ ನವೀಕರಣ, ಏರ್‌ಬ್ಯಾಗ್ ವ್ಯವಸ್ಥೆಯ ದುರಸ್ತಿ, ಮುಂದಿನ ಗಾಜು ಬದಲಿಸಿದ ಮೇಲೆ ಅದರ ಹಿಂದಿರುವ ಕ್ಯಾಮರಾವನ್ನು ಮತ್ತೆ ಸರಿಹೊಂದಿಸುವುದು ಇವಕ್ಕೆ ಕಂಪನಿಯ ಉಪಕರಣವೋ ಅದಕ್ಕೆ ಸಮನಾದದ್ದೋ ಬೇಕು. ಹೊರಗಿನವರ ಬಳಿ ಅದು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅದೇ ಊರಿನಲ್ಲಿ ಅದೇ ಬ್ರ್ಯಾಂಡಿನ ಇನ್ನೊಬ್ಬ ಡೀಲರ್ ಇದ್ದರೆ, ಎಲ್ಲಕ್ಕಿಂತ ಮೊದಲು ಅಲ್ಲೊಮ್ಮೆ ತೋರಿಸಿ. ವಾರಂಟಿ ಕೊಡುವುದು ತಯಾರಕ ಕಂಪನಿಯಾದ್ದರಿಂದ, ಕಾರು ಕೊಂಡ ಕಡೆಯೇ ರಿಪೇರಿ ಮಾಡಿಸಬೇಕೆಂಬ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಹೋಗುವಾಗ ಹಳೆಯ ಜಾಬ್ ಕಾರ್ಡುಗಳ ಕಂತೆಯನ್ನು ಮಾತ್ರ ಮರೆಯದೆ ಜೊತೆಗೆ ಒಯ್ಯಿರಿ.